‘ಫಾಸ್ಟ್’: ಓಟಕ್ಕೂ ಉಪವಾಸಕ್ಕೂ ಗಾಢ ನಿದ್ದೆಗೂ ಒಂದೇ ಪದ ಹೇಗೆ?

ಪ್ರಶ್ನೆ:
‘ರನ್ ಫಾಸ್ಟ್’ ಅಂದರೆ ಬೇಗ ಓಡು. ‘ಫಾಸ್ಟ್ ಅಸ್ಲೀಪ್’ ಅಂದರೆ ಅಲುಗಾಡಿಸಿದರೂ ಏಳದ ನಿದ್ದೆ. ಉಪವಾಸಕ್ಕೂ ಫಾಸ್ಟ್ ಅಂತಲೇ ಹೇಳುತ್ತಾರೆ. ಇವು ಬೇರೆ ಬೇರೆ ಪದಗಳೋ, ಒಂದೇ ಬೇರಿನ ಕವಲುಗಳೋ? ಹಾಗೆಯೇ, ‘ಫಾಸ್ಟ್‌ಲಿ’ ಅಂತ ಬರೆದರೆ ತಪ್ಪೇ?

ಉತ್ತರ 1:
ಬೇರು ಒಂದೇ. ಹಳೆಯ ಇಂಗ್ಲಿಷಿನಲ್ಲಿ ಈ ಪದಕ್ಕಿದ್ದ ಅರ್ಥ ಬಿಗಿ, ಭದ್ರ, ಕದಲದ್ದು. ‘ಹೋಲ್ಡ್ ಫಾಸ್ಟ್’, ‘ಸ್ಟೆಡ್‌ಫಾಸ್ಟ್’, ‘ಫಾಸ್ಟ್ ಅಸ್ಲೀಪ್’ ಎಲ್ಲದರಲ್ಲೂ ಉಳಿದಿರುವುದು ಅದೇ. ‘ಫಾಸನ್’ (fasten, ಬಿಗಿಯಾಗಿ ಕಟ್ಟು) ಕೂಡ ಇದರಿಂದಲೇ ಹುಟ್ಟಿದ್ದು; ಬರಹದಲ್ಲಿರುವ ‘ಟಿ’ಯನ್ನು ಉಚ್ಚರಿಸುವುದಿಲ್ಲ.

ವೇಗದ ಅರ್ಥ ಕ್ರಿಯಾವಿಶೇಷಣದ ದಾರಿಯಲ್ಲಿ ಬಂತು: ಮೊದಲು ಬಿಗಿಯಾಗಿ, ಆಮೇಲೆ ಬಲ ಹಾಕಿ, ಬಿರುಸಾಗಿ, ಕೊನೆಗೆ ಬೇಗ. ನಮ್ಮ ‘ಗಟ್ಟಿಯಾಗಿ’ಯನ್ನೇ ನೋಡಿ. ‘ಗಟ್ಟಿಯಾಗಿ ಹಿಡಿ’ ಅಂದರೆ ಬಿಗಿ, ‘ಗಟ್ಟಿಯಾಗಿ ಓದು’ ಅಂದರೆ ದನಿ ಏರಿಸು. ಇಂಗ್ಲಿಷಿನವರು ಅದನ್ನು ಓಟಕ್ಕೂ ಹಚ್ಚಿದರು, ಅಷ್ಟೇ. ‘ವೇಗದ’ ಎಂಬ ಗುಣವಾಚಕವಾಗಿ ಬಳಕೆ ಬಲವಾದದ್ದು 16ನೆಯ ಶತಮಾನದ ಹೊತ್ತಿಗೆ.

ಜರ್ಮನ್ ಕಲಿಯುವವರು ಎಚ್ಚರ: ಅಲ್ಲಿ ‘ಫಾಸ್ಟ್’ ಅಂದರೆ ‘ಹೆಚ್ಚುಕಡಿಮೆ’. ಬಿಗಿ ಅನ್ನಲು ‘ಫೆಸ್ಟ್’.

ಉತ್ತರ 2:
ಉಪವಾಸದ ಕವಲನ್ನು ಸೇರಿಸುತ್ತೇನೆ. ಇಂಗ್ಲಿಷಿನ ಹಳೆಯ ನಂಟ ಭಾಷೆಯಾದ ಗಾಥಿಕ್‌ನ ‘ಫಾಸ್ತಾನ್’ಗೆ ಕಾಪಾಡು, ಪಾಲಿಸು, ಉಪವಾಸವಿರು ಎಂಬ ಅರ್ಥಗಳಿದ್ದವು. ನಿಯಮವನ್ನು ಬಿಡದೆ ಹಿಡಿಯುವುದೇ ಉಪವಾಸ. ‘ವ್ರತ ಹಿಡಿದಿದ್ದಾರೆ’ ಅನ್ನುವಾಗ ನಾವೂ ‘ಹಿಡಿ’ಯನ್ನೇ ಬಳಸುತ್ತೇವಲ್ಲ. ರಾತ್ರಿಯ ಉಪವಾಸ ಮುರಿಯುವ ಊಟಕ್ಕೆ ‘ಬ್ರೆಕ್‌ಫಸ್ಟ್’ ಎಂಬ ಹೆಸರು ಬಿದ್ದದ್ದು 15ನೆಯ ಶತಮಾನದಲ್ಲಿ. ಬಿಡಿಯಾಗಿ ‘ಬ್ರೇಕ್’, ಜೋಡಿಸಿದರೆ ‘ಬ್ರೆಕ್’. ‘ಬ್ರೇಕ್‌ಫಾಸ್ಟ್’ ಎಂದು ಎಳೆಯಬೇಡಿ.

ಉತ್ತರ 3:
‘ಫಾಸ್ಟ್‌ಲಿ’ ಇಂದಿನ ಇಂಗ್ಲಿಷಿನಲ್ಲಿ ತಪ್ಪು. ಗುಣವಾಚಕಕ್ಕೂ ಕ್ರಿಯಾವಿಶೇಷಣಕ್ಕೂ ‘ಫಾಸ್ಟ್’ ಒಂದೇ ರೂಪ. ‘ಸ್ಲೋ, ಸ್ಲೋಲಿ’ ಜೋಡಿಯನ್ನು ನೋಡಿ ಇದಕ್ಕೂ ‘ಲಿ’ ಅಂಟಿಸುವುದರಿಂದ ಎಡವಟ್ಟಾಗುತ್ತದೆ.

ಇನ್ನೊಂದು ಕಡೆ ಎಡವುವುದು ಜಾಗದಲ್ಲಿ. ‘ಫಾಸ್ಟ್’ ಕ್ರಿಯಾಪದದ ನಂತರವೇ ಬರಬೇಕು: ‘ಶೀ ರ್‍ಯಾನ್ ಫಾಸ್ಟ್’. ಮೊದಲೇ ಬೇಕಿದ್ದರೆ ‘ಕ್ವಿಕ್‌ಲಿ’ ಹಾಕಿ: ‘ಶೀ ಕ್ವಿಕ್‌ಲಿ ಓಪನ್ಡ್ ದ ಡೋರ್’. ಚಿಟಿಕೆಯಲ್ಲಿ ಮುಗಿಯುವ ಕೆಲಸಕ್ಕೆ ‘ಕ್ವಿಕ್’, ವೇಗವಾಗಿ ಸಾಗುವ ವಸ್ತುವಿಗೆ ‘ಫಾಸ್ಟ್’. ಅದಕ್ಕೇ ‘ಕ್ವಿಕ್ ಲುಕ್’, ಆದರೆ ‘ಫಾಸ್ಟ್ ಕಾರ್’.

ಪ್ರಶ್ನೆ ಕೇಳಿದವರು:
ಹಾಗಾದರೆ ‘ಫಾಸ್ಟ್ ಕಲರ್’ ಅಂದರೆ ಬೇಗ ಹೋಗುವ ಬಣ್ಣ ಅಲ್ಲ!

ಉತ್ತರ 1:
ಪೂರಾ ಉಲ್ಟಾ. ಒಗೆದರೂ ಬಿಡದ ಬಣ್ಣ. ‘ಫಾಸ್ಟ್ ಫ್ರೆಂಡ್’ ಅಂದರೂ ಹಾಗೆಯೇ, ಬೇಗ ಆದ ಗೆಳೆಯನಲ್ಲ, ಬಿಟ್ಟುಹೋಗದ ಗೆಳೆಯ.