ಸ್ಕಾಟ್ಲೆಂಡ್‌ನಲ್ಲಿ ಕ್ಯಾಂಪರ್‌ವ್ಯಾನ್: ರಾತ್ರಿ ಎಲ್ಲಿ ನಿಲ್ಲಿಸಬಹುದು?

ಹೇಮಾವತಿ_ತೀರ

ಎಲ್ಲರಿಗೂ ನಮಸ್ಕಾರ. ಜುಲೈನಲ್ಲಿ ಹಾಸನದಿಂದ ಅಪ್ಪ ಅಮ್ಮ ಬರ್ತಿದ್ದಾರೆ. ಅವರಿಬ್ಬರು, ನಾವಿಬ್ಬರು. ಇನ್ವರ್ನೆಸ್‌ನಲ್ಲಿ ನಾಲ್ಕು ಜನ ಮಲಗುವ ವ್ಯಾನ್ ಬಾಡಿಗೆಗೆ ತಗೊಂಡು ಏಳು ರಾತ್ರಿ ನಾರ್ತ್ ಕೋಸ್ಟ್ 500 (ಉತ್ತರ ಕರಾವಳಿ ಸುತ್ತಿ ಇನ್ವರ್ನೆಸ್‌ಗೇ ವಾಪಸ್ ಬರುವ ರಸ್ತೆ) ಸುತ್ತುವ ಯೋಚನೆ ಇದೆ. ವ್ಯಾನಿನಲ್ಲಿ ಕ್ಯಾಸೆಟ್ ಟಾಯ್ಲೆಟ್ (ಕೆಳಗಿನ ಮಲದ ಡಬ್ಬಿಯನ್ನು ಹೊರಗೆ ಎಳೆದು ಖಾಲಿ ಮಾಡುವಂಥದ್ದು), ಎರಡು ಬರ್ನರಿನ ಗ್ಯಾಸ್ ಒಲೆ, 100 ಲೀಟರ್ ನೀರಿನ ಟ್ಯಾಂಕ್, 100 ಆಂಪಿಯರ್ ಅವರ್ ಬ್ಯಾಟರಿ ಇದೆ.

ಸ್ಕಾಟ್ಲೆಂಡ್‌ನಲ್ಲಿ ಎಲ್ಲಿ ಬೇಕಾದರೂ ಟೆಂಟ್ ಹಾಕಬಹುದು ಅಂತಾರಲ್ಲ, ವ್ಯಾನಿಗೂ ಅದೇ ನಿಯಮವಾ? ವ್ಯಾನ್ ನಿಲ್ಲಿಸುವ ಜಾಗ ತೋರಿಸುವ ಆ್ಯಪ್ ತೆಗೆದರೆ ಮ್ಯಾಪ್ ತುಂಬ ಗುರುತುಗಳು, ಯಾವುದನ್ನು ನಂಬೋದು? ಅಮ್ಮನಿಗೆ ಮಂಡಿ ನೋವಿದೆ, ಹಾಗಾಗಿ ಎಲ್ಲಾ ರಾತ್ರಿ ಕಾಡಲ್ಲೇ ಅಂತ ಇಲ್ಲ. ಕೆಲವು ರಾತ್ರಿ ಕ್ಯಾಂಪ್‌ಸೈಟ್, ಕೆಲವು ರಾತ್ರಿ ಹೊರಗೆ ಆದರೆ ಸಾಕು. ತಿಳಿದವರು ಹೇಳಿ.

ಕೊಡಚಾದ್ರಿ77

ಕಾನೂನಿನಿಂದಲೇ ಶುರು ಮಾಡ್ತೀನಿ, ಹೆಚ್ಚಿನವರು ಎಡವೋದು ಅಲ್ಲೇ. 2003ರ ಭೂ ಸುಧಾರಣಾ ಕಾಯ್ದೆ ಕೊಟ್ಟಿರುವ ಓಡಾಟದ ಹಕ್ಕು ನಡೆದು, ಸೈಕಲ್ ತುಳಿದು, ದೋಣಿಯಲ್ಲಿ ಹೋಗುವವರಿಗೆ. ಮೋಟಾರು ವಾಹನಕ್ಕೆ ಆ ಹಕ್ಕು ಇಲ್ಲ. ಬೆನ್ನಿಗೆ ಟೆಂಟ್ ಹಾಕ್ಕೊಂಡು ಬಂದವನು ಗುಡ್ಡದ ಮೇಲೆ ಮಲಗಬಹುದು, ನಿಮ್ಮ ವ್ಯಾನ್ ಅದೇ ಗುಡ್ಡದ ಹುಲ್ಲಿಗೆ ಇಳಿಯೋ ಹಾಗಿಲ್ಲ.

"ರಸ್ತೆಯಿಂದ 15 ಗಜದೊಳಗೆ ನಿಲ್ಲಿಸಬಹುದು" ಅನ್ನೋ ಮಾತೂ ನಿಮ್ಮ ಕಿವಿಗೆ ಬೀಳುತ್ತೆ. 1988ರ ರಸ್ತೆ ಸಂಚಾರ ಕಾಯ್ದೆಯ 34ನೇ ಸೆಕ್ಷನ್ ಹೇಳೋದು ಇಷ್ಟೇ: ಪಾರ್ಕ್ ಮಾಡೋದಕ್ಕೆ ಮಾತ್ರ ರಸ್ತೆಯಿಂದ 15 ಗಜದೊಳಗೆ ಇಳಿದರೆ ಆ ಸೆಕ್ಷನ್ ಪ್ರಕಾರ ಅಪರಾಧ ಅಲ್ಲ. ಆ ಜಾಗದ ಮಾಲೀಕರು ಹೊರಡಿ ಅಂದರೆ ಹೊರಡಲೇಬೇಕು. ಅಂದರೆ ಹೊರಗೆ ಕಳೆಯುವ ರಾತ್ರಿಗಳೆಲ್ಲ ಊರಿನವರ ಸಹನೆಯ ಮೇಲೆ ನಿಂತಿವೆ. ಆ ಸಹನೆ ಕೆಲವು ವರ್ಷಗಳಿಂದ ತೆಳುವಾಗ್ತಾ ಇದೆ, ಅದಕ್ಕೆ ಕಾರಣವೂ ಇದೆ. ರಸ್ತೆ ಬದಿಯಲ್ಲಿ ಕ್ಯಾಸೆಟ್ ಸುರಿದು ಹೋದವರಿದ್ದಾರೆ. ದಯವಿಟ್ಟು ಅದನ್ನು ಮನಸ್ಸಿನಲ್ಲಿ ಇಟ್ಕೊಂಡೇ ಜಾಗ ಹುಡುಕಿ.

ಹುಡುಕುವ ಕ್ರಮ ಹೇಳ್ತೀನಿ. ಪಾರ್ಕ್‌ಫಾರ್‌ನೈಟ್, ಸರ್ಚ್‌ಫಾರ್‌ಸೈಟ್ಸ್ ಎರಡೂ ಆ್ಯಪ್ ಹಾಕ್ಕೊಳ್ಳಿ. ಒಂದು ಜಾಗಕ್ಕೆ ಎಷ್ಟು ನಕ್ಷತ್ರ ಬಿದ್ದಿದೆ ಅನ್ನೋದಕ್ಕಿಂತ ಕಳೆದ ಎರಡು ತಿಂಗಳ ಕಾಮೆಂಟ್ ಓದಿ. ಹೊಸ ಬೋರ್ಡ್, ಹೊಸ ಬಂಡೆಕಲ್ಲು, ಎತ್ತರದ ಗಾಡಿ ತಡೆಯುವ 2.1 ಮೀಟರಿನ ಅಡ್ಡಪಟ್ಟಿ ಬಂದಿದ್ದರೆ ಅಲ್ಲೇ ಗೊತ್ತಾಗುತ್ತೆ. ಜರ್ಮನ್, ಫ್ರೆಂಚ್ ಕಾಮೆಂಟ್‌ಗಳನ್ನು ಅನುವಾದ ಮಾಡಿಯಾದರೂ ಓದಿ, ನೆಲ ಎಷ್ಟು ಇಳಿಜಾರು, ರಾತ್ರಿ ಲಾರಿ ಓಡಾಟ ಎಷ್ಟು ಅಂತ ಅವರು ಕರಾರುವಾಕ್ಕಾಗಿ ಬರೀತಾರೆ. ಆಮೇಲೆ ಉಪಗ್ರಹ ಚಿತ್ರದಲ್ಲಿ ನೋಡಿ: ಡಾಂಬರು ಅಥವಾ ಗಟ್ಟಿ ಜಲ್ಲಿ ಇದೆಯಾ, ಮುಂದೆ ರಸ್ತೆ ಮುಗಿದುಹೋದರೆ ವ್ಯಾನ್ ತಿರುಗಿಸಲು ಜಾಗ ಇದೆಯಾ, 100 ಮೀಟರ್ ಒಳಗೆ ಮನೆ ಇದೆಯಾ. ಮನೆ ಕಂಡರೆ ಆ ಜಾಗ ಬಿಡಿ. ಹೆಚ್ಚು ಗುರುತುಗಳಿರುವ ಪ್ರಸಿದ್ಧ ಜಾಗವನ್ನೂ ಬಿಡಿ, ಜುಲೈನಲ್ಲಿ ಸಂಜೆ ಆರಕ್ಕೆಲ್ಲ ತುಂಬಿಹೋಗಿರುತ್ತೆ. ಗ್ಲೆನ್ ಎಟಿವ್ ಕಣಿವೆ ಅಂಥದ್ದು. ಒಂದೇ ಗಾಡಿ ಅಗಲದ, ಕೊನೆಯಲ್ಲಿ ಮುಚ್ಚಿದ ರಸ್ತೆ. ದೊಡ್ಡ ವ್ಯಾನ್ ಅಲ್ಲಿಗೆ ಬೇಡ.

ಒಂದು ಗಾಡಿ ಅಗಲದ ರಸ್ತೆಗಳಲ್ಲಿ ಅಲ್ಲಲ್ಲಿ ಅಗಲ ಮಾಡಿ "ಪಾಸಿಂಗ್ ಪ್ಲೇಸ್" ಅಂತ ಬೋರ್ಡ್ ಹಾಕಿರ್ತಾರೆ. ಅದು ಎದುರಿನ ಗಾಡಿಗೆ ದಾರಿ ಬಿಡೋಕೆ. ಅಲ್ಲಿ ರಾತ್ರಿ ಇರಲಿ, ಚಹಾ ಕುಡಿಯೋಕೂ ನಿಲ್ಲಿಸಬೇಡಿ. ಕಾಡಿನ ಗೇಟ್ ಮುಂದೆ ಕೂಡ ಬೇಡ, ಬೆಳಿಗ್ಗೆ ಮರದ ಲಾರಿ ಬರುತ್ತೆ, ಬೆಂಕಿ ಬಿದ್ದರೆ ಅಗ್ನಿಶಾಮಕ ಗಾಡಿ ಹೋಗೋದೂ ಅದೇ ದಾರಿ. ಕಡಲತೀರದ ಹತ್ತಿರ ಹೂ ತುಂಬಿದ ಹುಲ್ಲುಗಾವಲು ಕಾಣುತ್ತಲ್ಲ, ಮಾಖರ್ ಅಂತಾರೆ, ಅದರಡಿ ಬರೀ ಚಿಪ್ಪಿನ ಮರಳು. ಚಕ್ರ ಒಮ್ಮೆ ಹರಿದರೆ ಹುಲ್ಲು ಕಿತ್ತು ಬರುತ್ತೆ, ಗಾಳಿ ಮರಳನ್ನು ಹೊತ್ತೊಯ್ಯುತ್ತೆ, ಅಲ್ಲಿ ಮತ್ತೆ ಹುಲ್ಲು ಹಿಡಿಯೋಕೆ ವರ್ಷಗಳು ಬೇಕು. ವ್ಯಾನೂ ಅಲ್ಲೇ ಹೂತುಕೊಳ್ಳುತ್ತೆ.

ಸರ್ಕಾರಿ ಅರಣ್ಯ ಸಂಸ್ಥೆಯ ಕೆಲವು ಪಾರ್ಕಿಂಗ್ ಜಾಗಗಳಲ್ಲಿ "ಸ್ಟೇ ದ ನೈಟ್" ಅಂತ ವ್ಯವಸ್ಥೆ ಇದೆ. ಸಂಜೆ 6ರಿಂದ ಬೆಳಿಗ್ಗೆ 10ರವರೆಗೆ, ಶುಲ್ಕ ಕಟ್ಟಿ ಒಂದು ರಾತ್ರಿ. ಟಾಯ್ಲೆಟ್ ನಿಮ್ಮ ವ್ಯಾನಿನಲ್ಲೇ ಇರಬೇಕು, ಹೊರಗೆ ಕುರ್ಚಿ, ಶಾಮಿಯಾನ ಹರಡುವ ಹಾಗಿಲ್ಲ. ಅಪ್ಪ ಅಮ್ಮ ಜೊತೆಗಿದ್ದಾಗ ರಾತ್ರಿ ಯಾರು ಬಾಗಿಲು ತಟ್ಟುತ್ತಾರೋ ಅನ್ನೋ ಆತಂಕ ಇಲ್ಲದೆ ಮಲಗಬಹುದು, ನನ್ನ ಪ್ರಕಾರ ಹೊರಗಿನ ರಾತ್ರಿಗಳಿಗೆ ಇದೇ ಒಳ್ಳೆಯದು. ಬರುವಾಗ ಲಾಕ್ ಲೋಮಂಡ್ ಸರೋವರದ ಕಡೆಯಿಂದ ಬಂದರೆ ಮಾತ್ರ ಎಚ್ಚರ: ಮಾರ್ಚ್ 1ರಿಂದ ಸೆಪ್ಟೆಂಬರ್ 30ರವರೆಗೆ ಅಲ್ಲಿನ ನಿಗದಿತ ವಲಯಗಳಲ್ಲಿ ಮೊದಲೇ ಪರ್ಮಿಟ್ ತಗೊಂಡಿರಬೇಕು.

ವ್ಯಾನ್_ವಾಸಿ

ಮೇಲಿನವರು ಜಾಗದ ಬಗ್ಗೆ ಹೇಳಿದರು. ಎಷ್ಟು ರಾತ್ರಿ ಹೊರಗೆ ಇರಬಹುದು ಅನ್ನೋದನ್ನು ತೀರ್ಮಾನಿಸೋದು ಜಾಗ ಅಲ್ಲ, ಕ್ಯಾಸೆಟ್.

ಸಾಮಾನ್ಯ ಕ್ಯಾಸೆಟ್ 17ರಿಂದ 20 ಲೀಟರ್ ಹಿಡಿಯುತ್ತೆ. ಅದರ ಲೆಕ್ಕ ಪೇಪರ್ ಬಳಸುವವರಿಗೆ. ನಮ್ಮವರು ನೀರು ಬಳಸುತ್ತಾರೆ. ಪ್ರತಿ ಸಲ ಅರ್ಧ ಲೀಟರ್ ಹೆಚ್ಚು ಅಂದ್ಕೊಂಡರೆ ನಾಲ್ಕು ಜನಕ್ಕೆ ಒಂದೂವರೆ ದಿನಕ್ಕೇ ತುಂಬಿತು ಅನ್ನುವ ಕೆಂಪು ಸೂಚಕ ಬರುತ್ತೆ. ಚೊಂಬಿನ ಬದಲು ಒತ್ತಿದರೆ ಚಿಮ್ಮುವ ಬಾಟಲಿ ಇಡಿ, 150 ಮಿಲಿಯಲ್ಲಿ ಕೆಲಸ ಆಗುತ್ತೆ. ಹಗಲಲ್ಲಿ ಊರು ಸಿಕ್ಕಲ್ಲೆಲ್ಲ ಸಾರ್ವಜನಿಕ ಶೌಚಾಲಯ ಬಳಸಿ. ಆಗ ಎರಡು ದಿನ ಬರುತ್ತೆ. ಹಾಗಾಗಿ ಹೊರಗೆ ಒಂದು, ಹೆಚ್ಚೆಂದರೆ ಎರಡು ರಾತ್ರಿ, ಆಮೇಲೆ ಒಂದು ಕ್ಯಾಂಪ್‌ಸೈಟ್. ಇದೇ ನಿಮ್ಮ ತಾಳ.

ಖಾಲಿ ಮಾಡೋದು ಕ್ಯಾಂಪ್‌ಸೈಟಿನ ಕೆಮಿಕಲ್ ಡಿಸ್ಪೋಸಲ್ ಪಾಯಿಂಟ್‌ನಲ್ಲಿ ಮಾತ್ರ. ಸಾರ್ವಜನಿಕ ಶೌಚಾಲಯಕ್ಕೆ ಸುರಿಯಬೇಡಿ. ಆ ಕಡೆಯ ಊರುಗಳಲ್ಲಿ ಎಷ್ಟೋ ಕಡೆ ಇರೋದು ಸೆಪ್ಟಿಕ್ ಟ್ಯಾಂಕ್, ನೀಲಿ ಕೆಮಿಕಲ್ ಅದರೊಳಗಿನ ಬ್ಯಾಕ್ಟೀರಿಯಾ ಸಾಯಿಸುತ್ತೆ. ಹಸಿರು ದ್ರಾವಣವನ್ನೇ ಕೊಳ್ಳಿ. ಉಳಿಯದೇ ಇದ್ದರೂ ದುಡ್ಡು ತಗೊಂಡು ಖಾಲಿ ಮಾಡೋಕೆ ಬಿಡುವ ಸೈಟ್‌ಗಳಿವೆ, ಫೋನ್ ಮಾಡಿ ಕೇಳಿ.

ಸ್ನಾನ ಬಿಟ್ಟು ಒಬ್ಬರಿಗೆ ದಿನಕ್ಕೆ 10ರಿಂದ 12 ಲೀಟರ್ ನೀರು ಹಿಡಿಯಿರಿ, 100 ಲೀಟರ್ ಎರಡು ದಿನಕ್ಕೆ ಸರಿಹೋಗುತ್ತೆ. ಸ್ನಾನಕ್ಕೆ ಉಲ್ಲಾಪೂಲ್, ಥರ್ಸೊ ಊರಿನ ಈಜುಕೊಳಗಳಿಗೆ ಟಿಕೆಟ್ ತಗೊಳ್ಳಿ. ಬಳಸಿದ ನೀರಿನ ಟ್ಯಾಂಕಿಗೆ ಗಂಜಿ ಬಸಿಯಬೇಡಿ. ಪಿಷ್ಟ ಎರಡೇ ದಿನಕ್ಕೆ ಹುಳಿತು ಸಿಂಕ್ ಮೂಲಕ ವಾಸನೆ ಬರುತ್ತೆ. ತುಪ್ಪ, ತೆಂಗಿನೆಣ್ಣೆ ಅಲ್ಲಿನ ಚಳಿಗೆ ಪೈಪಿನಲ್ಲೇ ಗಟ್ಟಿಯಾಗುತ್ತೆ. ತಟ್ಟೆ, ಬಾಣಲೆ ಮೊದಲು ಟಿಶ್ಯೂವಿನಲ್ಲಿ ಒರೆಸಿ, ಆಮೇಲೆ ತೊಳೆಯಿರಿ. ಅನ್ನಕ್ಕೆ ಒಲೆ ಮೇಲಿನ ಪ್ರೆಶರ್ ಕುಕ್ಕರ್ ಸಾಕು. 2.75 ಕೆಜಿಯ ಕ್ಯಾಂಪಿಂಗ್‌ಗ್ಯಾಸ್ ಸಿಲಿಂಡರ್ ಒಂದು ಬರ್ನರಿಗೆ ಹೆಚ್ಚೂಕಡಿಮೆ 18–20 ಗಂಟೆ ಉರಿಯುತ್ತೆ. ಹೀಟರೂ ಅದೇ ಗ್ಯಾಸಿನದಾದರೆ ಈ ಲೆಕ್ಕ ನಡೆಯಲ್ಲ. ಒಗ್ಗರಣೆ ಹಾಕುವಾಗ ಮೇಲಿನ ಕಿಟಕಿ ತೆಗೆದಿಡಿ.

ಹೇಮಾವತಿ_ತೀರ

ತುಂಬಾ ಧನ್ಯವಾದ. ಗಂಜಿಯ ವಿಷಯ ಹೊಳೆದೇ ಇರಲಿಲ್ಲ. ಎಲೆಕ್ಟ್ರಿಕ್ ರೈಸ್ ಕುಕ್ಕರ್ ತರೋಣ ಅಂತಿದ್ದೆ, 700 ವ್ಯಾಟ್‌ದು. ಇನ್ವರ್ಟರ್‌ನಲ್ಲಿ ನಡೆಯುತ್ತಾ? ಇನ್ನೊಂದು, ಬೆಲಾಕ್ ನಾ ಬಾ ಘಾಟಿ ವ್ಯಾನಿನಲ್ಲಿ ಹತ್ತಬಹುದಾ?

ವ್ಯಾನ್_ವಾಸಿ

ರೈಸ್ ಕುಕ್ಕರ್ ಬೇಡ. 700 ವ್ಯಾಟ್ ಅಂದರೆ 12 ವೋಲ್ಟ್‌ನಲ್ಲಿ 58 ಆಂಪಿಯರ್, ಇನ್ವರ್ಟರಿನ ನಷ್ಟ ಸೇರಿ 65. ಅರ್ಧ ಗಂಟೆಗೆ 32 ಆಂಪಿಯರ್ ಅವರ್ ಹೋಯಿತು. ಲೆಡ್ ಬ್ಯಾಟರಿಯಾದರೆ 100ರಲ್ಲಿ ಬಳಸಬಹುದಾದದ್ದು 50 ಮಾತ್ರ. ಉಳಿದದ್ದರಲ್ಲಿ ಪಂಪು, ದೀಪ, ಫ್ರಿಜ್ ಬೆಳಗಿನವರೆಗೆ ನಡೆಯಬೇಕು. ಕ್ಯಾಂಪ್‌ಸೈಟಿನಲ್ಲಿ ಕರೆಂಟ್ ಇದ್ದರೂ ಕಂಬಕ್ಕೆ 10 ಆಂಪಿಯರ್ ಅಂದರೆ 2,300 ವ್ಯಾಟ್. 2,000 ವ್ಯಾಟಿನ ಕೆಟಲ್ ಜೊತೆಗೆ ಕುಕ್ಕರ್ ಹಾಕಿದರೆ ಟ್ರಿಪ್ ಆಗುತ್ತೆ.

ಧಾರವಾಡದಾಕಿ

ಹಿರಿಯರು ಬರಾಕತ್ತಾರ ಅಂದ್ರ ಜಾಗ ಆರಿಸೋ ಮುಂದ ನೋಟಕ್ಕಿಂತ ಗಾಳಿ ನೋಡ್ರಿ. ಜುಲೈ ಅಂದ್ರ ಮಿಡ್ಜ್ ಅನ್ನೋ ನೊರಜಿನ ಹಂಗಾಮ. ತಾಸಿಗೆ 7 ಮೈಲಿಗಿಂತ ಜೋರ ಗಾಳಿ ಇದ್ರ ಅವು ಹಾರೂದಿಲ್ಲ. ಸರೋವರದ ದಂಡಿ, ಗಿಡಗಳ ನಡುವಿನ ಜಾಗ ಫೋಟೋದಾಗ ಭಾಳ ಚಂದ ಕಾಣ್ತಾವ, ಆದ್ರ ಸಂಜಿ ಆದಮ್ಯಾಲೆ ಅಲ್ಲಿ ಬಾಗಿಲಾ ತಗ್ಯಾಕ ಆಗೂದಿಲ್ಲ. ಬಯಲಾಗಿರೋ ಕಡಲ ದಂಡಿ ಹಿಡೀರಿ. ಕಿಟಕಿಗೆ ಸಣ್ಣ ಕಣ್ಣಿನ ಜಾಳಿಗಿ ಐತೇನು ಅಂತ ಬಾಡಿಗಿಯವರನ್ನ ಮೊದಲ ಕೇಳ್ರಿ, ಸೊಳ್ಳಿ ಪರದೆ ಕಣ್ಣಾಗ ಇವು ಆರಾಮ ತೂರತಾವ. ಹುಲ್ಲು, ಜರೀಗಿಡದಾಗ ಅಡ್ಡಾಡಿ ಬಂದ್ರ ಮೊಣಕಾಲ ಹಿಂದ ಉಣ್ಣಿ ಹತ್ತ್ಯಾವೇನು ನೋಡ್ರಿ, ಅದನ್ನ ತಗ್ಯೋ ಸಣ್ಣ ಕೊಕ್ಕಿ ಔಷಧದ ಅಂಗಡ್ಯಾಗ ಸಿಗತೈತಿ.

ಇನ್ನೊಂದ ಮುಖ್ಯ ಮಾತು. ರಾತ್ರಿ 10 ಡಿಗ್ರಿ ಇರತೈತಿ, ಅವ್ವಾರು ನೆಲದಾಗಿನ ಕಿಂಡಿಯಿಂದ ಥಂಡಿ ಬರ್ತೈತಿ ಅಂತ ಬಟ್ಟಿ ತುರುಕತಾರ. ಅದನ್ನ ಮುಚ್ಚಾಕ ಬಿಡಬ್ಯಾಡ್ರಿ. ಗ್ಯಾಸು ಗಾಳಿಗಿಂತ ಭಾರ, ಸೋರಿದ್ರ ಕೆಳಗ ಕುಂತು ಆ ಕಿಂಡಿಯಿಂದನ ಹೊರಗ ಹೋಗಬೇಕು. ಕಾರ್ಬನ್ ಮೊನಾಕ್ಸೈಡ್ ಅಲಾರಂ ಗುಂಡಿ ಒತ್ತಿ ನೋಡಿನ ವ್ಯಾನ್ ತಗೋರಿ. ಮೊಣಕಾಲ ನೋವಿದ್ದವರಿಗೆ ಕೆಳಗಿನ ಹಾಸಿಗಿ, ಬಾಗಿಲಿಗೆ ಒಂದು ಮೆಟ್ಟಿಲ ಸ್ಟೂಲು.

ಕೊಡಚಾದ್ರಿ77

ಬೆಲಾಕ್ ನಾ ಬಾ ಬಿಟ್ಟುಬಿಡಿ. 626 ಮೀಟರ್ ಎತ್ತರ, ಐದಕ್ಕೆ ಒಂದರ ಏರು, ಒಂದೇ ಗಾಡಿ ಅಗಲ. ದೊಡ್ಡ ವಾಹನಕ್ಕೆ ತಕ್ಕದ್ದಲ್ಲ ಅಂತ ಬುಡದಲ್ಲೇ ಬೋರ್ಡ್ ಇದೆ. ಘಾಟಿಯಾಚೆಯ ಆಪಲ್‌ಕ್ರಾಸ್ ಊರು ನೋಡಲೇಬೇಕು ಅಂದರೆ ಶೀಲ್ಡೇಗ್ ಕಡೆಯ ಕರಾವಳಿ ರಸ್ತೆಯಿಂದ ಹೋಗಿ ಅದರಲ್ಲೇ ವಾಪಸ್ ಬನ್ನಿ.

ನಾರ್ತ್ ಕೋಸ್ಟ್ 500ರ 516 ಮೈಲಿ ಪೂರ್ತಿ ಸುತ್ತಿದರೆ ಏಳು ದಿನವೂ ಡ್ರೈವಿಂಗ್ ಆಗುತ್ತೆ. ಪಶ್ಚಿಮದ ಅರ್ಧ ಮಾತ್ರ ಮಾಡಿ. ಮೊದಲ ರಾತ್ರಿ ಉಲ್ಲಾಪೂಲ್‌ನ ಬ್ರೂಮ್‌ಫೀಲ್ಡ್ ಕ್ಯಾಂಪ್‌ಸೈಟಿನಲ್ಲಿ ಕರೆಂಟ್ ಇರುವ ಜಾಗ ಬುಕ್ ಮಾಡಿ, ಇನ್ವರ್ನೆಸ್‌ನಿಂದ ಸುಮಾರು 57 ಮೈಲಿ, ಅಗಲ ರಸ್ತೆ. ವ್ಯಾನಿನ ಪಂಪು, ಹೀಟರ್, ಹಾಸಿಗೆ ಎಲ್ಲ ಅಲ್ಲೇ ಕಲಿತುಕೊಳ್ಳಿ, ಊರಿನ ಸೂಪರ್‌ಮಾರ್ಕೆಟ್‌ನಲ್ಲಿ ತರಕಾರಿ, ಮೊಸರು ತುಂಬಿಸಿಕೊಳ್ಳಿ. ಎರಡನೇ ರಾತ್ರಿ ಹೊರಗೆ. ಮೂರು, ನಾಲ್ಕನೇ ರಾತ್ರಿ ಕ್ಲಾಕ್‌ಟಾಲ್ ಬೀಚಿನ ಸೈಟ್. ಲಾಕಿನ್ವರ್ ಕಡೆಯಿಂದ ಹೋಗಿ ಅದೇ ದಾರಿಯಲ್ಲಿ ವಾಪಸ್ ಬನ್ನಿ, ಡ್ರಮ್‌ಬೆಗ್ ದಾಟುವ ಮುಂದಿನ ರಸ್ತೆ ಬಹಳ ಕಡಿದು. ಐದನೇ ರಾತ್ರಿ ಡರ್ನೆಸ್‌ನ ಸ್ಯಾಂಗೊ ಸ್ಯಾಂಡ್ಸ್ ಸೈಟ್, ಬಂಡೆಯ ಮೇಲಿದೆ, ಗಾಳಿ ಇರುತ್ತೆ, ಅಂಗಡಿ ನಡೆದು ಹೋಗುವಷ್ಟು ಹತ್ತಿರ, ಸ್ಮೂ ಗುಹೆ ಒಂದು ಮೈಲಿ. ಆರನೇ ರಾತ್ರಿ ಹೊರಗೆ, ಲೇರ್ಗ್ ಮೇಲೆ ಇಳಿಯುವ ದಾರಿಯಲ್ಲಿ. ಏಳನೆಯದು ಇನ್ವರ್ನೆಸ್ ಹತ್ತಿರದ ಸೈಟ್, ವ್ಯಾನ್ ವಾಪಸ್ ಕೊಡುವ ಮೊದಲು ಕ್ಯಾಸೆಟ್, ಟ್ಯಾಂಕ್ ಖಾಲಿ ಮಾಡಬೇಕಲ್ಲ.

ಜುಲೈನಲ್ಲಿ ಅಲ್ಲಿ ರಾತ್ರಿ ಹತ್ತರವರೆಗೂ ಬೆಳಕಿರುತ್ತೆ. ಇನ್ನೂ ಹೊತ್ತಿದೆ ಅಂತ ಓಡಿಸ್ತಾ ಹೋಗಬೇಡಿ, ಸಂಜೆ ಐದಕ್ಕೆಲ್ಲ ನಿಮ್ಮ ಮೊದಲ ಆಯ್ಕೆಯ ಜಾಗ ತಲುಪಿ. ಹೊರಗೆ ಮಲಗುವ ಪ್ರತಿ ರಾತ್ರಿಗೂ 20 ಮೈಲಿಯೊಳಗೆ ಇನ್ನೆರಡು ಜಾಗ, ಒಂದು ಸೈಟಿನ ಫೋನ್ ನಂಬರ್ ಬರೆದಿಟ್ಟುಕೊಳ್ಳಿ. ಎಷ್ಟೋ ಕಡೆ ಸಿಗ್ನಲ್ ಸಿಗಲ್ಲ, ಮ್ಯಾಪನ್ನು ಇನ್ವರ್ನೆಸ್‌ನಲ್ಲೇ ಡೌನ್‌ಲೋಡ್ ಮಾಡಿಬಿಡಿ. ಕ್ಲಾಕ್‌ಟಾಲ್ ಈಗಲೇ ಬುಕ್ ಮಾಡಿ.