ಸಹಾಯ ಬೇಕು: ಜೋಡಿಯಾಗಿರುವ ಇಬ್ಬರು ಗಂಡಸರಿಗೆ ಕನ್ನಡದಲ್ಲಿ ಉಯಿಲು

ಬೆಂಗಳೂರಲ್ಲಿ ಒಟ್ಟಿಗೆ ಬಾಳುತ್ತಿರುವ ಇಬ್ಬರಿಗೆ ಉಯಿಲು ಬರೆದುಕೊಡುವ ವಕೀಲರು ಬೇಕು. ಒಬ್ಬರ ಮನೆಯಲ್ಲಿ ವಿಷಯ ಗೊತ್ತಿಲ್ಲ. ಅವರಿಗೇ ಬಾಯಿಬಿಟ್ಟು ಹೇಳಿಕೊಳ್ಳೋದು ಇನ್ನೂ ಕಷ್ಟ. ಅವಸರ ಮಾಡದವರಾದರೆ ಒಳ್ಳೇದು.

ಜಂಟಿ ಖಾತೆ ಆಗಿದೆ. ಸಲಿಂಗಿ ಜೋಡಿಗಳು ಜಂಟಿ ಖಾತೆ ತೆರೆಯಲು, ಸಂಗಾತಿಯನ್ನು ನಾಮಿನಿ ಮಾಡಲು ಅಡ್ಡಿಯಿಲ್ಲ ಅಂತ 2024ರ ಆಗಸ್ಟ್‌ನಲ್ಲೇ ಕೇಂದ್ರ ಹಣಕಾಸು ಸಚಿವಾಲಯ ಹೇಳಿದೆ. ಆದರೆ ನಾಮಿನಿ ಅಂದ್ರೆ ವಾರಸುದಾರ ಅಲ್ಲ. ದುಡ್ಡು ಸಂಗಾತಿಯ ಕೈಗೆ ಬಂದರೂ ಅಪ್ಪ ಅಮ್ಮ ಹಕ್ಕು ಕೇಳಬಹುದು, ಎಡವೋದು ಇಲ್ಲೇ. ಅದಕ್ಕೇ ಉಯಿಲು: ಇಬ್ಬರು ಸಾಕ್ಷಿಗಳ ಸಹಿ ಬೇಕು, ಆಸ್ತಿ ಪಡೆಯುವವರ ಸಹಿ ಸಾಕ್ಷಿಯಾಗಿ ಬೇಡ. ನೋಂದಣಿ ಕಡ್ಡಾಯವಲ್ಲ, ಮಾಡಿಸಿದರೆ ತಕರಾರು ಕಮ್ಮಿ.

ಗುಟ್ಟು ರಟ್ಟಾಗದ ಹಾಗೆ ಉಯಿಲಲ್ಲಿ ಸಂಗಾತಿಯನ್ನು ‘ಸ್ನೇಹಿತ’ ಅಂತಲೇ ಬರೆಸಿ, ಆಧಾರ್‌ನಲ್ಲಿರುವ ಪೂರ್ತಿ ಹೆಸರು, ವಿಳಾಸ ಹಾಕಿದರೆ ಸಾಕಾ? ಇಂಥದ್ದು ಬರೆಸಿ ಅನುಭವ ಇರುವವರು ಇನ್‌ಬಾಕ್ಸ್ ಮಾಡಿ.