ಸ್ಪೀಡ್ ಲಿಮಿಟ್ ಇಳಿಸಿದ್ರೆ ನಿಜವಾಗ್ಲೂ ಸಾವು ಕಮ್ಮಿ ಆಗುತ್ತಾ?

ಮದ್ದೂರ್_ಹೈದ:
ನಮ್ಮೂರ ಮಧ್ಯದಲ್ಲೇ ಹೆದ್ದಾರಿ ಹೋಗುತ್ತೆ, ಒಂದ್ಕಡೆ ಸ್ಕೂಲು ಇನ್ನೊಂದ್ಕಡೆ ಡೈರಿ, ಬೆಳಗ್ಗೆ ಹಾಲು ಹಾಕಕ್ಕೆ ಹೋಗೋರೆಲ್ಲ ರೋಡ್ ದಾಟ್ಲೇಬೇಕು. ಹೋದ್ವರ್ಷ ನಮ್ಮ ದೊಡ್ಡಪ್ಪ ಕ್ಯಾನ್ ಹಿಡ್ಕೊಂಡು ದಾಟ್ತಿದ್ದಾಗ ಕಾರ್ ಗುದ್ದಿ ಎಂಟು ದಿನ ಐಸಿಯುನಲ್ಲಿದ್ರು, ಉಳೀಲಿಲ್ಲ. ಈಗ ಊರೋರೆಲ್ಲ ಸೇರಿ ಇಲ್ಲಿ 40 ಲಿಮಿಟ್ ಮಾಡಿ ಅಂತ ಅರ್ಜಿ ಕೊಡಣ ಅಂತಿದೀವಿ, ಆದ್ರೆ ಅರ್ಧ ಜನ ಬೋರ್ಡ್ ಯಾರ್ ನೋಡ್ತಾರೆ, ಸ್ಪೀಡಿಂದ ಏನೂ ಆಗಲ್ಲ, ಸರಿಯಾಗಿ ಓಡ್ಸಕ್ಕೆ ಬರದೇ ಇರೋರಿಂದ ಆಗೋದು ಅಂತಾರೆ. ತಿಳಿದೋರು ಹೇಳಿ.

ಫಿಸಿಕ್ಸ್_ಮೇಷ್ಟ್ರು:
ದೊಡ್ಡಪ್ಪನ ವಿಷಯ ಓದಿ ಬೇಜಾರಾಯ್ತಪ್ಪ. ಒಂದು ಲೆಕ್ಕ ಹೇಳ್ತೀನಿ, ಊರಲ್ಲಿ ಹೇಳು. 50ರಲ್ಲಿ ಬರೋ ಕಾರು, ಡ್ರೈವರ್ ನೋಡಿ ಬ್ರೇಕ್ ಒತ್ತಕ್ಕೆ ಒಂದ್ ಸೆಕೆಂಡ್ ತಗೊಂಡ್ರೆ ಅಷ್ಟರಲ್ಲೇ 14 ಮೀಟರ್ ಬಂದಿರುತ್ತೆ, ಆಮೇಲೆ ಒಣ ರೋಡಲ್ಲಿ ನಿಲ್ಲಕ್ಕೆ ಇನ್ನೊಂದು 14, ಒಟ್ಟು 28 ಮೀಟರಿಗೆ ನಿಂತೇಬಿಡುತ್ತೆ. 60ರಲ್ಲಿ ಬಂದೋನು ಅದೇ 28ನೇ ಮೀಟರಿಗೆ ಬಂದಾಗ ಇನ್ನೂ ಹೆಚ್ಚುಕಮ್ಮಿ 40 ಸ್ಪೀಡಲ್ಲಿರ್ತಾನೆ. ಬರೀ ಹತ್ತು ಕಿಲೋಮೀಟರ್ ವ್ಯತ್ಯಾಸ ಅಷ್ಟೇ, ಎದುರಿಗಿರೋ ಮನುಷ್ಯನಿಗೆ ಒಂದ್ರಲ್ಲಿ ಏನೂ ಆಗಲ್ಲ, ಇನ್ನೊಂದ್ರಲ್ಲಿ ಜೀವ ಹೋಗಬಹುದು. ವಿಶ್ವ ಆರೋಗ್ಯ ಸಂಸ್ಥೆ ಹೇಳೋದೂ ಇದೇ, ಸರಾಸರಿ ಸ್ಪೀಡ್ 1% ಜಾಸ್ತಿ ಆದ್ರೆ ಸಾವಿನ ಆಕ್ಸಿಡೆಂಟ್ 4% ಜಾಸ್ತಿ. ಎಷ್ಟೇ ಚೆನ್ನಾಗಿ ಓಡ್ಸೋನಾದ್ರೂ ಬ್ರೇಕು ಅವನ ಮಾತು ಕೇಳಲ್ಲ.

ಕ್ಯಾಬ್_ಸಾರಥಿ:
ಮೇಷ್ಟ್ರೇ ನಿಮ್ ಲೆಕ್ಕ ಸರಿ, ಆದ್ರೆ ನಾನು ಬೆಂಗಳೂರು-ಮೈಸೂರು ದಿನಾ ಓಡ್ಸೋನು, ಎಕ್ಸ್‌ಪ್ರೆಸ್‌ವೇ ಶುರುವಾದಾಗ ಬೈಕು ಆಟೋ ಟ್ರ್ಯಾಕ್ಟರ್ ಎಲ್ಲ ಒಟ್ಟಿಗೆ ನುಗ್ತಿದ್ವು, ರಾಂಗ್ ಸೈಡಲ್ಲಿ ಬರೋರು ಬೇರೆ. 2023 ಆಗಸ್ಟ್ 1ರಿಂದ ಅವನ್ನೆಲ್ಲ ಬಂದ್ ಮಾಡಿದ್ಮೇಲೇನೇ ಕಮ್ಮಿ ಆಗಿದ್ದು. ಸ್ಪೀಡ್ ಲಿಮಿಟ್ 100 ಅಂತ ಬೋರ್ಡು ಮೊದ್ಲೂ ಇತ್ತಲ್ಲ?

ರಾಮನಗರ_ದವ್ಳು:
ಅಣ್ಣ, ತಿಂಗಳು ಸ್ವಲ್ಪ ನೋಡಿ. ಆ ರೋಡಲ್ಲಿ 2023 ಮೇನಲ್ಲಿ 29 ಜನ, ಜೂನಲ್ಲಿ 28 ಜನ ಸತ್ರು, ಜುಲೈಗೆ 8ಕ್ಕೆ ಇಳೀತು, ಇದು ಪೊಲೀಸರೇ ಹೇಳಿದ್ದು. ಬೈಕ್ ಬ್ಯಾನ್ ಶುರುವಾಗಿದ್ದು ಅದಾದ್ಮೇಲೆ. ಜುಲೈನಲ್ಲಿ ಆಗಿದ್ದು ಏನಪ್ಪಾ ಅಂದ್ರೆ ಸ್ಪೀಡ್ ಗನ್ ಹಿಡ್ಕೊಂಡು ಪೊಲೀಸ್ರು ರೋಡಿಗಿಳಿದು ಫೈನ್ ಹಾಕಕ್ಕೆ ಶುರು ಮಾಡಿದ್ದು. ಒಂದು ತಿಂಗಳ ಅಂಕಿ ನೋಡಿ ಎಲ್ಲಾ ಸ್ಪೀಡೇ ಅನ್ನಲ್ಲ, ಬ್ಯಾನ್ ಕೂಡ ಬೇಕಾಗಿತ್ತು. ಆದ್ರೆ ನೀವು ಹೇಳಿದ ಬೋರ್ಡು ಇತ್ತಲ್ಲ, ಅದಕ್ಕೆ ಬೆಲೆ ಬಂದಿದ್ದು ಯಾರಾದ್ರೂ ಹಿಡೀತಾರೆ ಅಂತ ಗೊತ್ತಾದ್ಮೇಲೆ.

ಕ್ಯಾಬ್_ಸಾರಥಿ:
ಹೌದು, ಜುಲೈ ತಿಂಗಳು ನಂಗೂ ನೆನಪಿದೆ, ಎಲ್ರೂ ಹೆದರ್ಕೊಂಡು 90-95ರಲ್ಲಿ ಹೋಗ್ತಿದ್ರು, ಒಪ್ಕೋತೀನಿ. ಆದ್ರೆ ಈಗ ಕ್ಯಾಮೆರಾ ಎಲ್ಲೆಲ್ಲಿದೆ ಅಂತ ಗೊತ್ತಾಗ್ಬಿಟ್ಟು ಅಲ್ಲಿ ಬ್ರೇಕ್ ಹೊಡ್ದು ದಾಟಿದ ತಕ್ಷಣ 130 ಏರಿಸ್ತಾರೆ. ಒಂದು ಕ್ಯಾಮೆರಾದಿಂದ ಇನ್ನೊಂದಕ್ಕೆ ಎಷ್ಟೊತ್ತಲ್ಲಿ ಬಂದ ಅಂತ ಲೆಕ್ಕ ಹಾಕಿ ಫೈನ್ ಹಾಕ್ಬೇಕು, ಆಗ ಮಾತ್ರ ದಾರಿಯುದ್ದಕ್ಕೂ ನಿಧಾನ.

ಹೆಲ್ಸಿಂಕಿ_ಕನ್ನಡಿಗ:
ನಾನಿರೋ ಊರು ಫಿನ್ಲೆಂಡಿನ ಹೆಲ್ಸಿಂಕಿ, ಇಲ್ಲಿ 2025 ಜುಲೈವರೆಗಿನ ಒಂದು ವರ್ಷದಲ್ಲಿ ರೋಡ್ ಆಕ್ಸಿಡೆಂಟಲ್ಲಿ ಒಬ್ರೂ ಸಾಯ್ಲಿಲ್ಲ. 1980ರ ದಶಕದಲ್ಲಿ ಇಲ್ಲೂ ವರ್ಷಕ್ಕೆ 30 ಜನದವರೆಗೂ ಸಾಯ್ತಿದ್ರಂತೆ. ಈಗ ಅರ್ಧಕ್ಕಿಂತ ಜಾಸ್ತಿ ಬೀದಿಗಳಲ್ಲಿ ಲಿಮಿಟ್ 30. ಬರೀ ಬೋರ್ಡ್ ಹಾಕಿ ಕೂತಿಲ್ಲ, ರೋಡನ್ನೇ ಕಿರಿದು ಮಾಡಿದಾರೆ, ಕ್ಯಾಮೆರಾ ಇದೆ, ಬಸ್ಸು ಟ್ರಾಮು ಚೆನ್ನಾಗಿವೆ. ಅಗಲವಾದ ನೇರ ರೋಡ್ ಮಾಡಿ 40 ಅಂತ ಬರೆದ್ರೆ ಕಾಲು ತಾನಾಗೇ ಆಕ್ಸಿಲರೇಟರ್ ಒತ್ತುತ್ತೆ. ನಿಮ್ಮ ಅರ್ಜೀಲಿ ಬೋರ್ಡ್ ಜೊತೆ ಡೈರಿ ಮುಂದೆ ಎತ್ತರಿಸಿದ ಕ್ರಾಸಿಂಗೂ, ರಾತ್ರಿ ಕಾಣೋ ಹಾಗೆ ಲೈಟೂ ಕೇಳಿ.

ರಾಮನಗರ_ದವ್ಳು:
ಮತ್ತೆ ಅರ್ಜಿ ಪಂಚಾಯ್ತಿಗೆ ಮಾತ್ರ ಕೊಟ್ಟು ಸುಮ್ನಾಗ್ಬೇಡಿ, ಡಿಸಿ ಇರೋ ಜಿಲ್ಲಾ ರಸ್ತೆ ಸುರಕ್ಷತಾ ಸಮಿತಿಗೂ ಒಂದು ಕಾಪಿ ಕೊಟ್ಟು ಸ್ವೀಕೃತಿ ಸೀಲ್ ಹಾಕಿಸ್ಕೊಳ್ಳಿ. ಅಲ್ಲಿ ಎಷ್ಟು ಆಕ್ಸಿಡೆಂಟ್ ಆಗಿದೆ ಅಂತ ಎಫ್‌ಐಆರ್ ನಂಬರ್ ಸಮೇತ ಬರೀರಿ.

ಮದ್ದೂರ್_ಹೈದ:
ಎಲ್ರಿಗೂ ತುಂಬಾ ಥ್ಯಾಂಕ್ಸ್. ಮೇಷ್ಟ್ರ 28 ಮೀಟರ್ ಲೆಕ್ಕ ನಮ್ಮಪ್ಪಂಗೆ ಹೇಳಿದೆ, ಸುಮಾರ್ ಹೊತ್ತು ಮಾತಾಡ್ಲಿಲ್ಲ, ಆಮೇಲೆ ಅರ್ಜಿ ನಾನೇ ಬರೀತೀನಿ ಅಂದ್ರು. ನಾಳೆ ಬೆಳಗ್ಗೆ ಆರಕ್ಕೆ ಡೈರಿ ಹತ್ರಾನೇ ಸಹಿ ತಗೋತೀವಿ, ಹಾಲು ಹಾಕಕ್ಕೆ ಎಲ್ಲಾ ಮನೆಯೋರೂ ಬರ್ತಾರೆ.